ರಿಯಾಕ್ಟರಿನ ಶೀತಕಮಂಡಲದ ರಾಸಾಯನಿಕ ಶುದ್ಧೀಕರಣ: ಸುರಕ್ಷತೆಯ ವಿಚಾರ ಬೆಳೆದು ಬಂದ ಬಗೆ

೧

ಮಂಗಳೂರಿನ ಹಂಪನಕಟ್ಟೆಗೆ ಆ ಹೆಸರು ಬಂದುದು, ದಾರಿಹೋಕರಿಗೆ ನೀರೆರೆಯುತ್ತಿದ್ದ ಅಪ್ಪಣ್ಣನೆಂಬಾತನ ಕಟ್ಟೆಯಿಂದ ಎಂದು ಊರವರು ಹೇಳುವುದುಂಟು. ಐತಿಹ್ಯದ ನಿಜಾನಿಜಗಳೇನೇ ಇರಲಿ, ೨೦೨೧ರಲ್ಲಿ ರಸ್ತೆಯ ಕಾಮಗಾರಿ ನಡೆಯುತ್ತಿದ್ದಾಗ ಆ ವೃತ್ತದ ಸಮೀಪದಲ್ಲಿ ನೆಲದಡಿಯಿಂದ ಹಳೆಯ ಬಾವಿಯೊಂದು ಗೋಚರಿಸಿತು. ನಿತ್ಯವೂ ಸಾವಿರಾರು ಜನ ನಡೆದಾಡುವ ನೆಲದಲ್ಲಿ ಇಂಥದೊಂದು ಬಾವಿ ಇತ್ತೆಂಬುದೇ ಬಹುಮಂದಿಗೆ ಮರೆತು ಹೋಗಿದ್ದಿತು. ಇತಿಹಾಸದ ವಿದ್ಯಾರ್ಥಿಗಳಾದ ನಮಗೆ ಈ ಘಟನೆಯು ಕುತೂಹಲವನ್ನಷ್ಟೇ ಅಲ್ಲದೆ ಒಂದು ಪ್ರಶ್ನೆಯನ್ನೂ ತಂದಿತು. ನೆಲದಲ್ಲಿ ಮುಚ್ಚಿದ ವಸ್ತುವಿನ ನೆನಪು ಒಂದು ಸಮಾಜದಲ್ಲಿ ಎಷ್ಟು ಕಾಲ ಉಳಿಯುತ್ತದೆ? ಈ ಪ್ರಶ್ನೆಗೂ ಪ್ರಕೃತ ಪ್ರಬಂಧದ ವಿಷಯಕ್ಕೂ ಇರುವ ಸಂಬಂಧವು ಮುಂದೆ ತಾನಾಗಿ ತಿಳಿದು ಬರುವುದು.

ನಮ್ಮ ಕರಾವಳಿಯ ಉತ್ತರದ ತುದಿಯಲ್ಲಿ, ಕಾರವಾರದ ಪೂರ್ವಕ್ಕೆ, ಕಾಳಿ ನದಿಯ ದಂಡೆಯ ಕಾಡಿನ ನಡುವೆ ಕೈಗಾ ಪರಮಾಣು ವಿದ್ಯುತ್‌ ಸ್ಥಾವರವಿದೆ. ಅದರ ಸುರಕ್ಷತೆಯ ವಿಚಾರವಾಗಿ ನಮ್ಮ ನಾಡಿನಲ್ಲಿ ನಾಲ್ಕು ದಶಕಗಳಿಂದಲೂ ಚರ್ಚೆ ನಡೆದಿದೆ. ಆದರೆ ಆ ಚರ್ಚೆಯು ಬಹುಮಟ್ಟಿಗೆ ಮಹಾಪಘಾತಗಳ ಸಾಧ್ಯತೆಯನ್ನು ಕುರಿತದ್ದು. ರಿಯಾಕ್ಟರಿನ ದಿನಬಳಕೆಯಿಂದಲೇ ಹುಟ್ಟುವ ಒಂದು ಸಾಮಾನ್ಯ ಕೆಲಸದ ಕಡೆಗೆ, ಎಂದರೆ ಶೀತಕಮಂಡಲದ ಕೊಳವೆಗಳನ್ನು ರಾಸಾಯನಿಕಗಳಿಂದ ತೊಳೆದು ವಿಕಿರಣದ ಅಂಶವನ್ನು ಕಳೆಯುವ ಕೆಲಸದ ಕಡೆಗೆ, ಅಷ್ಟಾಗಿ ಲಕ್ಷ್ಯ ಹರಿದಿಲ್ಲ. ಆ ಕೆಲಸದ ಇತಿಹಾಸವನ್ನು ಸಂಗ್ರಹವಾಗಿ ನಿರೂಪಿಸಿ, ಅದರಲ್ಲಿ ‘ಸುರಕ್ಷಿತ’ ಎಂಬ ಮಾತಿನ ಅರ್ಥವು ಅರುವತ್ತು ವರ್ಷಗಳಲ್ಲಿ ಹೇಗೆ ವಿಸ್ತಾರಗೊಂಡಿತೆಂಬುದನ್ನು ತೋರಿಸುವುದು ನಮ್ಮ ಉದ್ದೇಶ.

೨

ಮೊದಲು ಕೊಳವೆಗಳು ಮಲಿನವಾಗುವ ಬಗೆಯನ್ನು ತಿಳಿಯಬೇಕು. ರಿಯಾಕ್ಟರಿನ ಇಂಧನದಲ್ಲಿ ಹುಟ್ಟುವ ಉಷ್ಣವನ್ನು ಹೊತ್ತು ಉಗಿಜನಕಗಳಿಗೆ ತಲಪಿಸುವ ದ್ರವವೇ ಶೀತಕ. ಕೈಗಾದ ಮಾದರಿಯ ರಿಯಾಕ್ಟರುಗಳಲ್ಲಿ ಇದು ಭಾರಜಲ. ೨೨೦ ಮೆಗಾವಾಟಿನ ಒಂದೊಂದು ರಿಯಾಕ್ಟರಿನಲ್ಲಿಯೂ ೩೦೬ ಶೀತಕನಾಳಗಳಿವೆ. ಇವುಗಳಲ್ಲಿ ಪ್ರವೇಶಿಸುವಾಗ ಭಾರಜಲದ ಉಷ್ಣತೆ ಸುಮಾರು ೨೪೯ ಡಿಗ್ರಿ ಸೆಲ್ಸಿಯಸ್‌, ಹೊರಬರುವಾಗ ಸುಮಾರು ೨೯೩ ಡಿಗ್ರಿ. ನಾಳಗಳಿಗೆ ನೀರುಣಿಸುವ ಕೊಳವೆಗಳು ಇಂಗಾಲಯುಕ್ತ ಉಕ್ಕಿನವು. ಇಂಥ ಬಿಸಿಯಲ್ಲಿ ಎಷ್ಟೇ ಶುದ್ಧವಾದ ನೀರಾದರೂ ಉಕ್ಕನ್ನು ಅತ್ಯಲ್ಪವಾಗಿ ಕರಗಿಸದೆ ಬಿಡದು. ಹೀಗೆ ಕರಗಿದ ಕಬ್ಬಿಣ, ನಿಕ್ಕಲು, ಕೊಬಾಲ್ಟು ಮುಂತಾದವು ನೀರಿನೊಡನೆ ಸುತ್ತುತ್ತ ಇಂಧನದ ಮೇಲೆ ಕೆಲಕಾಲ ಅಂಟಿಕೊಂಡಿರುತ್ತವೆ. ಅಲ್ಲಿ ನ್ಯೂಟ್ರಾನುಗಳ ಹೊಡೆತಕ್ಕೆ ಸಿಕ್ಕಿ ವಿಕಿರಣಶೀಲವಾಗುತ್ತವೆ. ಮತ್ತೆ ಕಳಚಿ, ಹರಿದು, ದೂರದ ಕೊಳವೆಗಳ, ಪಂಪುಗಳ, ಉಗಿಜನಕಗಳ ಒಳಮೈಯಲ್ಲಿ ಕಪ್ಪು ಆಕ್ಸೈಡಿನ ಪದರದೊಳಗೆ ಸೇರಿಕೊಳ್ಳುತ್ತವೆ.

ಇವುಗಳಲ್ಲಿ ಮುಖ್ಯವಾದುದು ಕೊಬಾಲ್ಟು-೬೦. ಸಾಧಾರಣ ಕೊಬಾಲ್ಟು ಒಂದು ನ್ಯೂಟ್ರಾನನ್ನು ನುಂಗಿ ಇದಾಗಿ ಮಾರ್ಪಡುತ್ತದೆ. ವಾಲ್ವುಗಳ ಉಜ್ಜುವ ಮುಖಗಳಿಗೆ ಹಚ್ಚುವ ಗಡಸು ಮಿಶ್ರಲೋಹಗಳಲ್ಲಿ ಕೊಬಾಲ್ಟು ಹೇರಳವಾಗಿರುತ್ತದೆ. ಉಕ್ಕಿನಲ್ಲಿ ಕಲ್ಮಷವಾಗಿಯೂ ಇರುತ್ತದೆ. ಕೊಬಾಲ್ಟು-೬೦ರ ಅರ್ಧಾಯುಷ್ಯ ೫.೨೭ ವರ್ಷ, ಅದು ಸೂಸುವ ಗ್ಯಾಮಾ ಕಿರಣಗಳು ಉಕ್ಕಿನ ಕೊಳವೆಯನ್ನು ದಾಟಿ ಬರುವಷ್ಟು ತೀಕ್ಷ್ಣ. ಆದಕಾರಣ ರಿಯಾಕ್ಟರನ್ನು ನಿಲ್ಲಿಸಿದರೂ ಕೊಳವೆಗಳ ಬಳಿ ವಿಕಿರಣವು ನಿಲ್ಲದು. ದುರಸ್ತಿಗೆ ಹೋದ ಕೆಲಸಗಾರನು ಆ ಕೊಳವೆಗಳ ಮಗ್ಗುಲಲ್ಲಿಯೇ ನಿಂತು ಕೆಲಸ ಮಾಡಬೇಕು. ಸ್ಥಾವರವು ಹಳೆಯದಾದಂತೆಲ್ಲ ಅವನು ಪಡೆಯುವ ವಿಕಿರಣವೂ ಹೆಚ್ಚುತ್ತ ಹೋಗುತ್ತದೆ.

ಇದಕ್ಕೆ ಪರಿಹಾರವೇನು? ನಮ್ಮ ಮನೆಗಳಲ್ಲಿ ಕಿಲುಬು ಹಿಡಿದ ತಾಮ್ರದ ಹಂಡೆಯನ್ನು ಹುಣಿಸೆಯ ಹುಳಿಯಿಂದ ಬೆಳಗುವುದನ್ನು ಎಲ್ಲರೂ ಕಂಡಿದ್ದೇವೆ. ಹುಳಿಯಲ್ಲಿರುವ ಆಮ್ಲವು ಕಿಲುಬನ್ನು ಕರಗಿಸುತ್ತದೆ. ರಿಯಾಕ್ಟರಿನ ಶುದ್ಧೀಕರಣದ ತತ್ತ್ವವೂ ಮೂಲತಃ ಇದೇ. ನಿಂಬೆಯಲ್ಲಿರುವ ಸಿಟ್ರಿಕ್‌ ಆಮ್ಲ, ನೆಲ್ಲಿಕಾಯಿಯಲ್ಲಿರುವ ಆಸ್ಕಾರ್ಬಿಕ್‌ ಆಮ್ಲ, ಇವೆರಡೂ ಇಂದಿಗೂ ಆ ದ್ರಾವಣದ ಅಂಗಗಳಾಗಿವೆ ಎಂದರೆ ವಿದ್ಯಾರ್ಥಿಗಳಿಗೆ ಆಶ್ಚರ್ಯವಾದೀತು. ಆದರೆ ಹೋಲಿಕೆಯು ಇಲ್ಲಿಗೇ ಮುಗಿಯುತ್ತದೆ. ಹಂಡೆ ಬೆಳಗುವಾಗ ಕಿಲುಬಿನೊಡನೆ ಒಂದಿಷ್ಟು ತಾಮ್ರವೂ ಹೋದರೆ ಯಾರೂ ಚಿಂತಿಸುವುದಿಲ್ಲ. ತೊಳೆದ ನೀರನ್ನು ತೆಂಗಿನ ಬುಡಕ್ಕೆ ಚೆಲ್ಲುತ್ತಾರೆ. ರಿಯಾಕ್ಟರಿನಲ್ಲಿ ಲೋಹವು ತೆಳುವಾಗುವಂತಿಲ್ಲ; ತೊಳೆದ ನೀರನ್ನು ಎಲ್ಲಿಯೂ ಚೆಲ್ಲುವಂತಿಲ್ಲ. ಮುಂದಿನ ಇತಿಹಾಸವೆಲ್ಲ ಈ ಎರಡು ‘ಇಲ್ಲ’ಗಳ ವಿಸ್ತರಣೆಯೆನ್ನಬಹುದು.

೩

ಮೊದಲ ಘಟ್ಟದ ವಿಧಾನಗಳು ತೀವ್ರ ದ್ರಾವಣಗಳನ್ನು ಅವಲಂಬಿಸಿದ್ದವು. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಶಿಪ್ಪಿಂಗ್‌ಪೋರ್ಟಿನಲ್ಲಿ ೧೯೫೭ರ ಡಿಸೆಂಬರಿನಲ್ಲಿ ಕೆಲಸಕ್ಕೆ ತೊಡಗಿದ ರಿಯಾಕ್ಟರಿನ ಶೀತಕಮಂಡಲವನ್ನು ೧೯೬೪ರಲ್ಲಿ ಇಡಿಯಾಗಿ ತೊಳೆಯಲಾಯಿತು. ಮೊದಲು ಕ್ಷಾರೀಯ ಪರ್ಮಾಂಗನೇಟು, ಅನಂತರ ಅಮೋನಿಯಂ ಸಿಟ್ರೇಟು, ಹೀಗೆ ಎರಡು ಹೆಜ್ಜೆಗಳ ಕ್ರಮ ಅಲ್ಲಿಯದು. ಕಲೆಗಟ್ಟದ ಉಕ್ಕಿನ ಮೇಲೆ ಬೆಳೆಯುವ ಪದರದಲ್ಲಿ ಕ್ರೋಮಿಯಮ್ಮಿನ ಅಂಶವಿರುವುದರಿಂದ ಅದು ಆಮ್ಲಕ್ಕೆ ಸುಲಭವಾಗಿ ಮಣಿಯದು. ಪರ್ಮಾಂಗನೇಟು ಕ್ರೋಮಿಯಮ್ಮನ್ನು ಉತ್ಕರ್ಷಿಸಿ ಕರಗುವಂತೆ ಮಾಡಿದ ಮೇಲೆ ಉಳಿದ ಕಬ್ಬಿಣದ ಆಕ್ಸೈಡು ಸಿಟ್ರೇಟಿಗೆ ವಶವಾಗುತ್ತದೆ.

ಈ ಕ್ರಮವು ಫಲಕಾರಿಯಾಗಿದ್ದಿತು, ಆದರೆ ಬೆಲೆಯುಳ್ಳದ್ದಾಗಿತ್ತು. ದ್ರಾವಣವನ್ನು ತುಂಬುವುದು, ಬರಿದು ಮಾಡುವುದು, ಮತ್ತೆ ಮತ್ತೆ ನೀರಿನಿಂದ ಜಾಲಿಸುವುದು, ಇದರಿಂದ ವಿಕಿರಣಶೀಲ ದ್ರವತ್ಯಾಜ್ಯದ ರಾಶಿಯೇ ಉಂಟಾಗುತ್ತಿತ್ತು. ಆ ಕಾಲದಲ್ಲಿ ‘ಸುರಕ್ಷಿತವೇ?’ ಎಂಬ ಪ್ರಶ್ನೆಗೆ ಇದ್ದ ಮುಖ್ಯ ಅರ್ಥ ‘ಲೋಹಕ್ಕೆ ಕೇಡಾಗದೇ?’ ಎಂಬುದು. ಬೆಸುಗೆಯ ಬಳಿ ಕಾದು ಸೂಕ್ಷ್ಮಗೊಂಡ ಉಕ್ಕಿನಲ್ಲಿ ಕಣಗಳ ಅಂಚುಗಳನ್ನು ಆಮ್ಲವು ಕೊರೆಯಬಹುದು. ಸಂದುಗೊಂದುಗಳಲ್ಲಿ ಉಳಿದ ದ್ರಾವಣವು ರಿಯಾಕ್ಟರು ಮತ್ತೆ ಬಿಸಿಯಾದಾಗ ಬಿರುಕುಗಳಿಗೆ ಕಾರಣವಾಗಬಹುದು. ಪ್ರಯೋಗಾಲಯಗಳಲ್ಲಿ ಲೋಹದ ತುಂಡುಗಳನ್ನು ದ್ರಾವಣದಲ್ಲಿ ಮುಳುಗಿಸಿಟ್ಟು ಅವುಗಳ ತೂಕದ ನಷ್ಟವನ್ನು ಅಳೆಯುವುದೇ ಅಂದಿನ ಪರೀಕ್ಷೆಯ ಪ್ರಧಾನ ರೂಪವಾಗಿತ್ತು.

ಎರಡನೆಯ ಘಟ್ಟವು ಕೆನಡದಲ್ಲಿ ಆರಂಭವಾಯಿತು. ಅಲ್ಲಿನ ರಿಯಾಕ್ಟರುಗಳ ಶೀತಕ ಭಾರಜಲ. ಅದು ಬಹು ಬೆಲೆಯುಳ್ಳ ವಸ್ತುವಾದುದರಿಂದ ಅದನ್ನು ಬರಿದು ಮಾಡಿ ಬೇರೆ ದ್ರಾವಣ ತುಂಬುವುದು, ಬಳಿಕ ಸಾಧಾರಣ ನೀರಿನ ಅಂಶವನ್ನೆಲ್ಲ ಕಳೆದು ಭಾರಜಲವನ್ನು ಮರಳಿ ತುಂಬುವುದು, ಇವು ಕಷ್ಟಸಾಧ್ಯ. ಆದುದರಿಂದ ಅಲ್ಲಿನ ರಸಾಯನಜ್ಞರು ಭಾರಜಲದೊಳಕ್ಕೇ ಅತ್ಯಲ್ಪ ಪ್ರಮಾಣದಲ್ಲಿ, ಎಂದರೆ ಸಾವಿರದಲ್ಲಿ ಒಂದು ಪಾಲಿನಷ್ಟು, ರಾಸಾಯನಿಕವನ್ನು ಬೆರೆಸುವ ಕ್ರಮವನ್ನು ರೂಪಿಸಿದರು. ಕರಗಿದ ಲೋಹವನ್ನು ಹೊತ್ತ ದ್ರಾವಣವು ಅಯಾನು ವಿನಿಮಯ ರಾಳದ ಸ್ತಂಭದ ಮೂಲಕ ಹಾದು ಹೋಗುತ್ತದೆ. ರಾಳವು ಲೋಹವನ್ನು ಹಿಡಿದಿಟ್ಟುಕೊಂಡು ಆಮ್ಲವನ್ನು ಮರಳಿ ಬಿಡುತ್ತದೆ. ಬಿಡುಗಡೆಯಾದ ಆಮ್ಲವು ಮತ್ತೆ ಕೊಳವೆಗಳಿಗೆ ಹೋಗಿ ಇನ್ನಷ್ಟು ಆಕ್ಸೈಡನ್ನು ಕರಗಿಸುತ್ತದೆ. ಕೊನೆಯಲ್ಲಿ ಆಮ್ಲವೂ ರಾಳಕ್ಕೇ ಸೇರಿ ಭಾರಜಲ ಶುದ್ಧವಾಗುತ್ತದೆ. ತ್ಯಾಜ್ಯವೆಲ್ಲ ಕೆಲವು ಪಾತ್ರೆಗಳಷ್ಟು ರಾಳದಲ್ಲಿ ಅಡಕವಾಗುತ್ತದೆ. ೧೯೭೫ರಲ್ಲಿ ಡಗ್ಲಸ್‌ ಪಾಯಿಂಟ್‌ ಸ್ಥಾವರವನ್ನು ಈ ಕ್ರಮದಿಂದ ತೊಳೆದರು. ಬ್ರಿಟನ್ನಿನಲ್ಲಿ ಬರ್ಕ್ಲಿಯ ಪ್ರಯೋಗಾಲಯದವರು ವನೇಡಿಯಮ್ಮಿನ ಕೆಳಮಟ್ಟದ ಅಯಾನನ್ನು ಬಳಸುವ ಇನ್ನೊಂದು ಮೃದು ವಿಧಾನವನ್ನು ರೂಪಿಸಿದರು. ವಿನ್‌ಫ್ರಿತ್‌ ರಿಯಾಕ್ಟರಿನಲ್ಲಿ ೧೯೮೦ರ ದಶಕದಲ್ಲಿ ಅದು ಬಳಕೆಗೆ ಬಂದಿತು.

ಮೃದು ದ್ರಾವಣಗಳು ಬಂದ ಮೇಲೆ ಲೋಹದ ಭಯವು ಕಡಮೆಯಾಯಿತು. ಆದರೆ ದ್ರಾವಣವು ಅಲ್ಪವಾಗಿದ್ದೂ ಕೆಲಸ ಮಾಡಬೇಕಾದರೆ ಅದರಲ್ಲಿ ಲೋಹದ ಅಯಾನನ್ನು ಬಿಗಿಯಾಗಿ ಹಿಡಿಯುವ ವಸ್ತುವೊಂದು ಇರಲೇಬೇಕು. ಇ.ಡಿ.ಟಿ.ಎ. ಎಂಬುದು ಅಂಥ ವಸ್ತು. ಏಡಿಯು ತನ್ನ ಕೊಂಡಿಗಳಿಂದ ಬೇಟೆಯನ್ನು ಹಿಡಿದಂತೆ ಇದು ಲೋಹವನ್ನು ಹಲವು ಕಡೆಗಳಿಂದ ಹಿಡಿಯುತ್ತದೆ. ಇಂಥವುಗಳಿಗೆ ಕಿಲೇಟು ಎಂಬ ಹೆಸರು ಬಂದುದೂ ಏಡಿಯ ಕೊಂಡಿಯನ್ನು ಹೇಳುವ ಗ್ರೀಕ್‌ ಶಬ್ದದಿಂದಲೇ. ಈ ಹಿಡಿತವೇ ಮುಂದಿನ ವಿವಾದಕ್ಕೆ ಮೂಲವಾಯಿತು.

೪

ಇಲಿನಾಯ್‌ ರಾಜ್ಯದ ಡ್ರೆಸ್ಡೆನ್‌ ಒಂದನೆಯ ರಿಯಾಕ್ಟರು ೧೯೬೦ರಲ್ಲಿ ಕೆಲಸಕ್ಕೆ ತೊಡಗಿದುದು. ಹದಿನೆಂಟು ವರ್ಷಗಳ ದುಡಿಮೆಯಿಂದ ಅದರ ಕೊಳವೆಗಳಲ್ಲಿ ವಿಕಿರಣವು ಬಹಳವಾಗಿ ಬೆಳೆದುದರಿಂದ, ಅಗತ್ಯವಾದ ತಪಾಸಣೆ ಮತ್ತು ಮಾರ್ಪಾಟುಗಳಿಗೆ ಜನರನ್ನು ಕಳುಹಿಸುವುದು ದುಷ್ಕರವಾಯಿತು. ೧೯೭೮ರಲ್ಲಿ ಅದನ್ನು ನಿಲ್ಲಿಸಿ, ಕಿಲೇಟುಯುಕ್ತವಾದ ದ್ರಾವಣದಿಂದ ಶೀತಕಮಂಡಲವನ್ನು ತೊಳೆಯುವ ಯೋಜನೆಯನ್ನು ಮುಂದಿಟ್ಟರು.

ಅದೇ ವರ್ಷ ಓಕ್‌ ರಿಜ್‌ ಪ್ರಯೋಗಾಲಯದ ಹೂಳುದಾಣಗಳನ್ನು ಕುರಿತ ಒಂದು ಲೇಖನವು ಅಮೆರಿಕದ ಪ್ರಸಿದ್ಧ ವಿಜ್ಞಾನಪತ್ರಿಕೆಯಲ್ಲಿ ಪ್ರಕಟವಾಯಿತು. ಜೇಡಿಮಣ್ಣು ಕೊಬಾಲ್ಟನ್ನು ತನ್ನಲ್ಲಿ ಹಿಡಿದಿಟ್ಟುಕೊಳ್ಳುತ್ತದೆ, ಆದುದರಿಂದ ಹೂಳಿದ ಕೊಬಾಲ್ಟು-೬೦ ಅಲ್ಲಿಯೇ ಕ್ಷಯಿಸಿ ಮುಗಿಯುತ್ತದೆ ಎಂಬುದು ಆವರೆಗಿನ ನಂಬಿಕೆ. ಆದರೆ ಶುದ್ಧೀಕರಣದ ಕೆಲಸಗಳಲ್ಲಿ ಬಳಸಿ ತ್ಯಾಜ್ಯದೊಡನೆ ಸೇರಿದ್ದ ಇ.ಡಿ.ಟಿ.ಎ. ಕೊಬಾಲ್ಟನ್ನು ಹಿಡಿದುಕೊಂಡು, ಮಣ್ಣಿಗೆ ಅಂಟದಂತೆ ಮಾಡಿ, ಅಂತರ್ಜಲದೊಡನೆ ಅದನ್ನು ಸಾಗಿಸುತ್ತಿದ್ದುದನ್ನು ಆ ಲೇಖಕರು ತೋರಿಸಿಕೊಟ್ಟರು. ಕೊಳವೆಯ ಒಳಗೆ ಯಾವ ಗುಣಕ್ಕಾಗಿ ಆ ವಸ್ತುವನ್ನು ಆರಿಸಿದ್ದರೋ ಆ ಗುಣವೇ ಮಣ್ಣಿನೊಳಗೆ ದೋಷವಾಗಿ ಪರಿಣಮಿಸಿತು.

ಈ ತಿಳಿವಳಿಕೆಯು ಡ್ರೆಸ್ಡೆನ್‌ ಯೋಜನೆಯ ಚರ್ಚೆಯನ್ನು ಬದಲಿಸಿತು. ಸಾರ್ವಜನಿಕರಿಂದ ಆಕ್ಷೇಪಗಳು ಬಂದುವು. ಅಲ್ಲಿನ ಪರಮಾಣು ನಿಯಂತ್ರಣ ಆಯೋಗವು ೧೯೮೦ರಲ್ಲಿ ಈ ತೊಳೆಯುವ ಕೆಲಸವೊಂದಕ್ಕಾಗಿಯೇ ಪರಿಸರ ಪರಿಣಾಮದ ಪ್ರತ್ಯೇಕ ವರದಿಯನ್ನು ಹೊರತಂದಿತು. ತ್ಯಾಜ್ಯವನ್ನು ಘನರೂಪಕ್ಕೆ ತಂದು ಪೀಪಾಯಿಗಳಲ್ಲಿ ಬಂಧಿಸಿ, ಮಳೆ ಕಡಮೆಯಿರುವ ಒಣನಾಡಿನ ಹೂಳುದಾಣಕ್ಕೆ ಒಯ್ಯುವುದು ಯೋಜನೆಯ ಭಾಗವಾಯಿತು. ೧೯೮೨ರಲ್ಲಿ ಹೊರಬಂದ ಅಮೆರಿಕದ ನಿಯಮಾವಳಿಯು, ತೂಕದಲ್ಲಿ ಸಾವಿರಕ್ಕೆ ಒಂದು ಪಾಲನ್ನು ಮೀರಿ ಕಿಲೇಟು ಇರುವ ತ್ಯಾಜ್ಯವನ್ನು ಸಾಗಣೆಯ ಪತ್ರದಲ್ಲಿ ಸ್ಪಷ್ಟವಾಗಿ ನಮೂದಿಸಬೇಕೆಂದು ವಿಧಿಸಿತು. ೧೯೮೪ರಲ್ಲಿ ಡ್ರೆಸ್ಡೆನ್ನಿನ ಕೊಳವೆಗಳನ್ನು ತೊಳೆಯುವ ಕೆಲಸ ನಡೆಯಿತು. ಆದರೆ ಆ ರಿಯಾಕ್ಟರು ಮತ್ತೆ ಎಂದೂ ವಿದ್ಯುತ್ತನ್ನು ಉತ್ಪಾದಿಸಲಿಲ್ಲ. ಹೊಸ ನಿಯಮಗಳಿಗೆ ಅನುಗುಣವಾದ ಮಾರ್ಪಾಟುಗಳ ವೆಚ್ಚವನ್ನು ಎಣಿಸಿ ಒಡೆಯರು ಅದನ್ನು ಶಾಶ್ವತವಾಗಿ ಮುಚ್ಚಲು ನಿರ್ಧರಿಸಿದರು.

ಹೀಗೆ ೧೯೮೦ರ ಸುಮಾರಿಗೆ ಸುರಕ್ಷತೆಯ ಪ್ರಶ್ನೆಗೆ ಮೂರು ಮುಖಗಳು ಮೂಡಿದುವು: ಲೋಹದ ಸುರಕ್ಷತೆ, ಕೆಲಸಗಾರನ ಸುರಕ್ಷತೆ, ಮಣ್ಣಿನ ಸುರಕ್ಷತೆ. ಒಂದಕ್ಕೆ ಹಿತವಾದುದು ಇನ್ನೊಂದಕ್ಕೆ ಅಹಿತವಾಗಬಹುದೆಂಬುದೂ ಸ್ಪಷ್ಟವಾಯಿತು.

೫

ಭಾರತದ ಕಥೆಯು ಕೆನಡದ ಕಥೆಯೊಡನೆ ಹೆಣೆದುಕೊಂಡಿದೆ. ರಾಜಸ್ಥಾನದ ಒಂದನೆಯ ರಿಯಾಕ್ಟರು ಡಗ್ಲಸ್‌ ಪಾಯಿಂಟಿನ ಮಾದರಿಯಲ್ಲಿ ಕೆನಡದ ಸಹಕಾರದಿಂದ ನಿರ್ಮಾಣವಾಗಿ ೧೯೭೩ರ ಡಿಸೆಂಬರಿನಲ್ಲಿ ವಾಣಿಜ್ಯೋತ್ಪಾದನೆಗೆ ತೊಡಗಿತು. ೧೯೭೪ರ ಮೇ ೧೮ರಂದು ಪೋಖ್ರಾನಿನಲ್ಲಿ ನಡೆದ ಸ್ಫೋಟದ ಬಳಿಕ ಕೆನಡವು ಸಹಕಾರವನ್ನು ನಿಲ್ಲಿಸಿತು. ಆಗ ಅಲ್ಲಿ ರೂಪುಗೊಳ್ಳುತ್ತಿದ್ದ ಮೃದು ಶುದ್ಧೀಕರಣದ ಅನುಭವವೂ ನಮ್ಮವರಿಗೆ ನೇರವಾಗಿ ದೊರೆಯದಂತಾಯಿತು. ಅದೇ ವಂಶದ ರಿಯಾಕ್ಟರುಗಳನ್ನು ಮದರಾಸಿನ ಬಳಿಯ ಕಲ್ಪಾಕ್ಕಂ, ನರೋರ, ಕಾಕ್ರಾಪಾರ, ಕೈಗಾಗಳಲ್ಲಿ ನಾವೇ ಕಟ್ಟಬೇಕಾಯಿತು. ಅವುಗಳ ರಸಾಯನವನ್ನೂ ನಾವೇ ಕಲಿಯಬೇಕಾಯಿತು. ಈ ಕಾರ್ಯದ ಭಾರವನ್ನು ಮುಖ್ಯವಾಗಿ ಹೊತ್ತವರು ಭಾಭಾ ಪರಮಾಣು ಸಂಶೋಧನ ಕೇಂದ್ರದ ಅಂಗವಾಗಿ ಕಲ್ಪಾಕ್ಕಂನಲ್ಲಿ ಕೆಲಸ ಮಾಡುವ ಜಲ ಮತ್ತು ಉಗಿ ರಸಾಯನ ವಿಭಾಗದವರು.

ಇವರು ಮೊದಲು ಇ.ಡಿ.ಟಿ.ಎ., ಆಸ್ಕಾರ್ಬಿಕ್‌ ಆಮ್ಲ ಮತ್ತು ಸಿಟ್ರಿಕ್‌ ಆಮ್ಲಗಳ ಮಿಶ್ರಣವನ್ನು ಅಭ್ಯಸಿಸಿದರು, ಅನಂತರ ಇ.ಡಿ.ಟಿ.ಎ.ಗೆ ಬದಲಾಗಿ ಎನ್‌.ಟಿ.ಎ. ಎಂಬ ಕಿಲೇಟನ್ನು ಬಳಕೆಗೆ ತಂದರು. ಇ.ಡಿ.ಟಿ.ಎ. ಕಬ್ಬಿಣವನ್ನು ಅತಿ ಬಿಗಿಯಾಗಿ ಹಿಡಿಯುವುದರಿಂದ ಅದರ ಹಿಡಿತದಿಂದ ಲೋಹವನ್ನು ಬಿಡಿಸಿ ತನ್ನದಾಗಿಸಿಕೊಳ್ಳುವುದು ರಾಳಕ್ಕೆ ಕಷ್ಟ. ಎನ್‌.ಟಿ.ಎ.ಯ ಹಿಡಿತ ಅದಕ್ಕಿಂತ ಸಡಿಲ. ಕೊಳವೆಯಿಂದ ಲೋಹವನ್ನು ಕೀಳುವಷ್ಟು ಬಿಗಿ, ರಾಳಕ್ಕೆ ಬಿಟ್ಟುಕೊಡುವಷ್ಟು ಸಡಿಲ, ಈ ಎರಡರ ನಡುವಿನ ಹದವನ್ನು ಹುಡುಕುವುದೇ ಇಲ್ಲಿನ ಕೌಶಲ. ನಮ್ಮ ರಿಯಾಕ್ಟರುಗಳ ಕೊಳವೆಗಳು ಬಹುಮಟ್ಟಿಗೆ ಇಂಗಾಲಯುಕ್ತ ಉಕ್ಕಿನವಾದುದರಿಂದ ಅವುಗಳ ಮೇಲಿನ ಪದರವು ಮುಖ್ಯವಾಗಿ ಮ್ಯಾಗ್ನಟೈಟು. ಅದು ಪರ್ಮಾಂಗನೇಟಿನ ನೆರವಿಲ್ಲದೆಯೇ ಇಂಥ ದ್ರಾವಣದಲ್ಲಿ ಕರಗುತ್ತದೆ. ಮದರಾಸು, ರಾಜಸ್ಥಾನ, ನರೋರ ಮತ್ತು ಕಾಕ್ರಾಪಾರ ಸ್ಥಾವರಗಳಲ್ಲಿ ಈ ಮೃದು ಕ್ರಮವು ಪ್ರಯೋಗಕ್ಕೆ ಬಂದಿದೆ. ಹಳೆಯ ಶೀತಕನಾಳಗಳನ್ನೆಲ್ಲ ತೆಗೆದು ಹೊಸವನ್ನು ಜೋಡಿಸುವಂಥ ದೀರ್ಘವಾದ ಕೆಲಸಗಳಿಗೆ ಮುನ್ನ ಇದರ ಉಪಯೋಗ ವಿಶೇಷ. ನೂರಾರು ಜನ ತಿಂಗಳುಗಟ್ಟಲೆ ದುಡಿಯಬೇಕಾದ ಸ್ಥಳದ ವಿಕಿರಣವು ಅರ್ಧಕ್ಕೆ ಇಳಿದರೂ ಅವರೆಲ್ಲರ ಪಾಲಿನ ವಿಕಿರಣವು ಅರ್ಧವಾಗುತ್ತದೆ.

ಆದರೆ ಇಲ್ಲಿಯೂ ಅನಿರೀಕ್ಷಿತವೊಂದು ಕಾಣಿಸಿಕೊಂಡಿತು. ಪಂಪುಗಳ ಸೀಲು ಮೊದಲಾದ ಭಾಗಗಳಲ್ಲಿ ಆಂಟಿಮನಿ ಸೇರಿದ ಇಂಗಾಲವನ್ನು ಬಳಸುವುದುಂಟು. ಅದರ ಸವೆತದಿಂದ ಹೊರಟ ಆಂಟಿಮನಿ ರಿಯಾಕ್ಟರಿನ ಗರ್ಭದಲ್ಲಿ ವಿಕಿರಣಶೀಲವಾಗಿ ಅಲ್ಲಿಯೇ ಅಂಟಿಕೊಂಡಿರುತ್ತದೆ. ಆಂಟಿಮನಿ-೧೨೪ರ ಅರ್ಧಾಯುಷ್ಯ ಸುಮಾರು ಅರುವತ್ತು ದಿನ. ಶುದ್ಧೀಕರಣದ ದ್ರಾವಣವು ಇದನ್ನು ಗರ್ಭದಿಂದ ಕಳಚಿ ಹೊರಕ್ಕೆ ತರುತ್ತದೆ. ಕಬ್ಬಿಣದ ಪದರವನ್ನು ಕಳೆದುಕೊಂಡು ಬೆತ್ತಲಾದ ಉಕ್ಕಿನ ಮೈಗೆ ಅದು ಹೋಗಿ ಕೂಡುತ್ತದೆ. ಭಾರತದ ಕೆಲವು ಸ್ಥಾವರಗಳಲ್ಲಿ ಹೀಗಾದುದನ್ನು ನಮ್ಮ ವಿಜ್ಞಾನಿಗಳು ಕಂಡರು. ಕೊಬಾಲ್ಟನ್ನು ಕಳೆಯಲು ತೊಡಗಿದಾಗ ಕೆಲವೆಡೆ ವಿಕಿರಣವು ಇಳಿಯುವ ಬದಲು ಏರಿತು. ಅವರು ಇದನ್ನು ಮುಚ್ಚಿಡಲಿಲ್ಲ. ವೈಜ್ಞಾನಿಕ ಪತ್ರಿಕೆಗಳಲ್ಲಿ ಪ್ರಕಟಿಸಿದರು, ಕಾರಣವನ್ನು ಶೋಧಿಸಿದರು, ಆಂಟಿಮನಿಯನ್ನು ರಾಳಗಳಿಂದ ಹಿಡಿಯುವ ಮತ್ತು ಉಕ್ಕಿನ ಮೇಲೆ ಕೂಡದಂತೆ ತಡೆಯುವ ಉಪಾಯಗಳನ್ನು ಅಭ್ಯಸಿಸಿದರು. ಇತಿಹಾಸಕಾರನಿಗೆ ಇಂಥ ದಾಖಲೆಯು ಯಶಸ್ಸಿನ ದಾಖಲೆಗಿಂತ ಬೆಲೆಯುಳ್ಳದ್ದು.

ದಾಖಲೆಯ ಬೆಲೆಯನ್ನು ಇನ್ನೊಂದು ದೇಶದ ಘಟನೆಯಿಂದ ಅಳೆಯಬಹುದು. ಹಂಗೇರಿಯ ಪಾಕ್ಷ್‌ ಸ್ಥಾವರದಲ್ಲಿ ೧೯೯೦ರ ದಶಕದಿಂದ ೨೦೦೧ರ ವರೆಗೆ ಉಗಿಜನಕಗಳನ್ನು ಹಳೆಯ ಮಾದರಿಯ ಪರ್ಮಾಂಗನೇಟು ಮತ್ತು ಆಮ್ಲಗಳ ಕ್ರಮದಿಂದ ಹಲವು ಸಲ ತೊಳೆದಿದ್ದರು. ತೊಳೆದ ಬಳಿಕ ಉಕ್ಕಿನ ಮೈ ಸ್ಥಿರವಾಗದೆ ಹೆಚ್ಚು ಹೆಚ್ಚಾಗಿ ಕಬ್ಬಿಣವನ್ನು ನೀರಿಗೆ ಬಿಡತೊಡಗಿತು. ಆ ಕಬ್ಬಿಣ ಇಂಧನದ ಕಟ್ಟುಗಳ ಮೇಲೆ ಮ್ಯಾಗ್ನಟೈಟಾಗಿ ಕೂಡಿ ಶೀತಕದ ಹರಿವನ್ನು ತಡೆಯಿತು. ಈಗ ಇಂಧನವನ್ನೇ ತೊಳೆಯಬೇಕಾಯಿತು. ಎರಡನೆಯ ರಿಯಾಕ್ಟರಿನ ಪಕ್ಕದ ಕೊಳದಲ್ಲಿ ಮುಳುಗಿಸಿದ ತೊಟ್ಟಿಯೊಂದರಲ್ಲಿ ಮೂವತ್ತು ಇಂಧನದ ಕಟ್ಟುಗಳನ್ನು ಇಟ್ಟು ತೊಳೆದರು. ೨೦೦೩ರ ಏಪ್ರಿಲ್‌ ೧೦ರಂದು, ತೊಳೆಯುವುದು ಮುಗಿದು ಕಟ್ಟುಗಳನ್ನು ಹೊರತೆಗೆಯಲು ಕಾಯುತ್ತಿದ್ದಾಗ, ತೊಟ್ಟಿಯೊಳಗಿನ ನೀರಿನ ಹರಿವು ಅವುಗಳನ್ನು ತಂಪಾಗಿಡಲು ಸಾಲದೆ ಹೋಯಿತು. ಒಳಗೆ ಉಗಿ ತುಂಬಿತು. ಕವಚಗಳು ಕಾದು ಉತ್ಕರ್ಷಗೊಂಡವು. ಮುಚ್ಚಳವನ್ನು ಸಡಿಲಿಸಿದಾಗ ನುಗ್ಗಿದ ತಣ್ಣೀರಿನ ಆಘಾತದಿಂದ ಒಡೆದುವು. ಹೊರಗಿನ ಜನರಿಗೆ ಇದರಿಂದ ಗಣನೀಯವಾದ ಹಾನಿ ಉಂಟಾಗಲಿಲ್ಲ. ಆದರೆ ಅಂತರರಾಷ್ಟ್ರೀಯ ಮಾನದಲ್ಲಿ ಘಟನೆಯು ಮೂರನೆಯ ದರ್ಜೆಯದೆಂದು ನಿರ್ಣಯವಾಯಿತು.

ಇಲ್ಲಿ ನಮ್ಮ ಲಕ್ಷ್ಯ ಆ ರಾತ್ರಿಯ ತಪ್ಪಿನ ಮೇಲಿಲ್ಲ. ಅದಕ್ಕೆ ಹಿಂದಿನ ಹತ್ತು ವರ್ಷಗಳ ಮೇಲಿದೆ. ಪ್ರತಿಯೊಂದು ಸಲದ ತೊಳೆಯುವಿಕೆಯೂ ಆ ಸಲದ ಮಟ್ಟಿಗೆ ಸಫಲವಾಗಿಯೇ ಇದ್ದಿತು. ದುಷ್ಫಲವು ಬೇರೊಂದು ಭಾಗದಲ್ಲಿ, ವರ್ಷಗಳ ಅನಂತರ ಕಂಡಿತು. ಒಂದು ಶುದ್ಧೀಕರಣವು ಸುರಕ್ಷಿತವಾಗಿದ್ದಿತೇ ಎಂಬುದನ್ನು ಅದು ಮುಗಿದ ದಿನವೇ ಹೇಳಲಾಗದು ಎಂಬುದು ಇದರಿಂದ ದೊರೆಯುವ ಪಾಠ.

೬

ಇನ್ನು ನಮ್ಮ ಕರಾವಳಿಗೆ ಬರೋಣ. ಕೈಗಾದ ಒಂದನೆಯ ಮತ್ತು ಎರಡನೆಯ ಘಟಕಗಳು ೨೦೦೦ದಲ್ಲಿ, ಮೂರನೆಯದು ೨೦೦೭ರಲ್ಲಿ, ನಾಲ್ಕನೆಯದು ೨೦೧೧ರಲ್ಲಿ ವಾಣಿಜ್ಯೋತ್ಪಾದನೆಗೆ ತೊಡಗಿದುವು. ಒಂದನೆಯ ಘಟಕವು ೨೦೧೬ರ ಮೇ ೧೩ರಿಂದ ೨೦೧೮ರ ಡಿಸೆಂಬರ್‌ ೩೧ರ ವರೆಗೆ ೯೬೨ ದಿನ ಎಡೆಬಿಡದೆ ನಡೆದು ಆಗಿನ ವಿಶ್ವದಾಖಲೆಯನ್ನು ಮುರಿಯಿತು. ಶೀತಕದ ರಸಾಯನವನ್ನು ಹದವಾಗಿ ಕಾಯ್ದುಕೊಳ್ಳದೆ ಇಂಥ ಸಾಧನೆ ಸಾಧ್ಯವಾಗದು. ಹೊಸ ಕೊಳವೆಗಳಲ್ಲಿ ಮೊದಲೇ ಬಿಸಿನೀರು ಮತ್ತು ಲಿಥಿಯಂ ಹೈಡ್ರಾಕ್ಸೈಡಿನಿಂದ ತೆಳುವಾದ ರಕ್ಷಾಪದರವನ್ನು ಬೆಳೆಸುವುದು, ಕೊಬಾಲ್ಟು ಕಡಮೆಯಿರುವ ಲೋಹಗಳನ್ನು ಆರಿಸುವುದು, ನೀರಿನ ಕ್ಷಾರತೆಯನ್ನು ನಿಯತವಾಗಿ ಇಡುವುದು, ಇವೆಲ್ಲ ಮಾಲಿನ್ಯವನ್ನು ಹುಟ್ಟುವಲ್ಲಿಯೇ ತಡೆಯುವ ಕ್ರಮಗಳು. ಆದರೂ ಈ ಜಾತಿಯ ರಿಯಾಕ್ಟರುಗಳಿಗೆಲ್ಲ ಮುಪ್ಪು ಬರುವುದು, ನಾಳಗಳನ್ನು ಬದಲಿಸುವ ಕಾಲ ಬರುವುದು ಸಹಜ. ಕೊನೆಗೆ ಸ್ಥಾವರವನ್ನು ಕಳಚುವ ಕಾಲವೂ ಬರುತ್ತದೆ. ಆಗೆಲ್ಲ ಶುದ್ಧೀಕರಣದ ಪ್ರಶ್ನೆ ಎದುರಾಗುತ್ತದೆ.

ಆ ಪ್ರಶ್ನೆಯನ್ನು ಮೇಲೆ ಹೇಳಿದ ಮೂರು ಮುಖಗಳಿಂದ ಪರಿಶೀಲಿಸಬೇಕು. ಲೋಹದ ವಿಷಯದಲ್ಲಿ ಆರು ದಶಕಗಳ ಅನುಭವವು ಸಾಕಷ್ಟು ಭರವಸೆಯನ್ನು ಕೊಡುತ್ತದೆ. ಮೃದು ದ್ರಾವಣ, ಸಂಕ್ಷಾರಣೆಯ ಸತತವಾದ ಅಳತೆ, ತೊಳೆದ ಬಳಿಕ ಮೈಯನ್ನು ಮತ್ತೆ ಸ್ಥಿರಗೊಳಿಸುವ ಎಚ್ಚರ, ಇವಿದ್ದರೆ ಸಾಲುವುದು. ಕೆಲಸಗಾರನ ವಿಷಯದಲ್ಲಿ ನಮ್ಮ ದೇಶದ ಪರಮಾಣು ಶಕ್ತಿ ನಿಯಂತ್ರಣ ಮಂಡಲಿಯು, ೧೯೮೩ರಲ್ಲಿ ಸ್ಥಾಪಿತವಾದುದು, ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ ೨೦ ಮಿಲಿಸೀವರ್ಟ್‌, ಯಾವುದೇ ಒಂದು ವರ್ಷದಲ್ಲಿ ೩೦ ಮಿಲಿಸೀವರ್ಟ್‌ ಎಂದು ಮಿತಿಯನ್ನು ವಿಧಿಸಿದೆ. ಭಾರಜಲದಲ್ಲಿ ಟ್ರಿಟಿಯಂ ಇರುವುದರಿಂದ ಕೊಳವೆಗಳನ್ನು ತೆರೆಯುವವರು ಉಸಿರಿನ ಮತ್ತು ಚರ್ಮದ ರಕ್ಷಣೆಯನ್ನೂ ಮಾಡಿಕೊಳ್ಳಬೇಕು. ೨೦೦೯ರ ನವೆಂಬರಿನಲ್ಲಿ ಕೈಗಾದಲ್ಲಿ ಕುಡಿಯುವ ನೀರಿನ ಪಾತ್ರೆಯೊಂದಕ್ಕೆ ಯಾರೋ ಬೇಕೆಂದೇ ಟ್ರಿಟಿಯಂಯುಕ್ತ ಭಾರಜಲವನ್ನು ಬೆರೆಸಿದ ಸಂಗತಿಯು ಬೆಳಕಿಗೆ ಬಂದುದು ಕೆಲಸಗಾರರ ವಾಡಿಕೆಯ ಮೂತ್ರಪರೀಕ್ಷೆಯಿಂದ. ಅತ್ಯಂತ ಸಾಮಾನ್ಯವೆಂದು ತೋರುವ ನಿತ್ಯಪರೀಕ್ಷೆಯೇ ಎಷ್ಟು ದೊಡ್ಡ ಕಾವಲಾಗಬಲ್ಲುದೆಂಬುದಕ್ಕೆ ಇದು ನಿದರ್ಶನ.

ಮಣ್ಣಿನ ವಿಷಯವು ನಮಗೆ ಎಲ್ಲಕ್ಕಿಂತ ಹತ್ತಿರದ್ದು. ಡ್ರೆಸ್ಡೆನ್ನಿನ ತ್ಯಾಜ್ಯಕ್ಕೆ ಒಣನಾಡನ್ನು ಹುಡುಕಿದರು. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ೩೦೦೦ ಮಿಲಿಮೀಟರಿಗೂ ಮಿಕ್ಕು ಮಳೆ ಸುರಿಯುತ್ತದೆ. ಮುರಕಲ್ಲಿನ ನೆಲದಲ್ಲಿ ನೀರು ಸುಲಭವಾಗಿ ಇಳಿಯುತ್ತದೆ. ಇಂಥ ನಾಡಿನಲ್ಲಿ ಕಿಲೇಟು ಬೆರೆತ ರಾಳವನ್ನು ಸಿಮೆಂಟಿನಲ್ಲಿಯೋ ಪಾಲಿಮರಿನಲ್ಲಿಯೋ ಬಂಧಿಸಿ, ನೀರು ತಾಗದ ಕಾಂಕ್ರೀಟಿನ ಆವರಣದಲ್ಲಿಡುವುದು ವೆಚ್ಚದ ಲೆಕ್ಕದಲ್ಲಿ ಕಡಿತಮಾಡಬಹುದಾದ ಬಾಬಲ್ಲ. ಇಡೀ ಕಾರ್ಯದ ಸುರಕ್ಷತೆಯು ಅದರ ಮೇಲೆ ನಿಂತಿದೆ.

ಈ ಸಂದರ್ಭದಲ್ಲಿ ಮಂಗಳೂರು ವಿಶ್ವವಿದ್ಯಾನಿಲಯದ ಭೌತಶಾಸ್ತ್ರ ವಿಭಾಗದವರ ಕೆಲಸವನ್ನು ನೆನೆಯುವುದು ಉಚಿತ. ಪ್ರಾಧ್ಯಾಪಕ ಕೆ. ಸಿದ್ದಪ್ಪನವರೂ ಅವರ ಸಹೋದ್ಯೋಗಿಗಳೂ ೧೯೯೦ರ ದಶಕದ ಮೊದಲ ಭಾಗದಲ್ಲಿ, ಎಂದರೆ ಕೈಗಾದ ರಿಯಾಕ್ಟರುಗಳು ನಡೆಯತೊಡಗುವ ಮುನ್ನ, ಕೈಗಾ ಪರಿಸರದ ಮತ್ತು ಕರಾವಳಿಯ ಮಣ್ಣು, ಸಸ್ಯ ಮುಂತಾದವುಗಳಲ್ಲಿ ಸಹಜವಾಗಿರುವ ವಿಕಿರಣವನ್ನು ಅಳೆದರು. ಉಳ್ಳಾಲದ ಸಮುದ್ರತೀರದ ಮರಳಿನಲ್ಲಿ ಸಹಜ ವಿಕಿರಣವು ವಿಶೇಷವಾಗಿ ಹೆಚ್ಚಾಗಿರುವುದನ್ನು ಅವರು ೧೯೯೩ರಲ್ಲಿ ಪ್ರಕಟಿಸಿದುದೂ ಇದೇ ಪರಂಪರೆಯ ಫಲ. ಸ್ಥಾವರಕ್ಕೆ ಮುಂಚಿನ ಸ್ಥಿತಿ ಹೇಗಿತ್ತೆಂಬ ಅಳತೆ ಇಲ್ಲದಿದ್ದರೆ, ಮುಂದೆ ಏನಾದರೂ ಹೆಚ್ಚಿತೆಂದು ಹೇಳುವವರ ಮಾತಿಗೂ ಆಧಾರವಿರದು, ಏನೂ ಹೆಚ್ಚಲಿಲ್ಲವೆನ್ನುವವರ ಮಾತಿಗೂ ಆಧಾರವಿರದು. ೧೯೮೯ರ ಲೋಕಸಭಾ ಚುನಾವಣೆಗೆ ಉತ್ತರಕನ್ನಡದಿಂದ ನಿಂತು ಪರಿಸರದ ಪ್ರಶ್ನೆಯನ್ನು ಜನರ ಮುಂದಿಟ್ಟ ಶಿವರಾಮ ಕಾರಂತರ ವಿರೋಧವೂ, ಸ್ಥಾವರವನ್ನು ಕಟ್ಟಿದವರ ಸಮರ್ಥನೆಯೂ ಕಡೆಗೆ ಇಂಥ ಅಳತೆಗಳ ಮುಂದೆಯೇ ನ್ಯಾಯವನ್ನು ಪಡೆಯಬೇಕು.

ನಮ್ಮ ವಿಚಾರಣೆಯ ಫಲಿತಾಂಶವನ್ನು ಹೀಗೆ ಸಂಗ್ರಹಿಸಬಹುದು. ರಿಯಾಕ್ಟರಿನ ಶೀತಕಮಂಡಲವನ್ನು ರಾಸಾಯನಿಕವಾಗಿ ತೊಳೆಯುವುದು ಸಾಧ್ಯ. ಎಚ್ಚರದಿಂದ ಮಾಡಿದರೆ ಕೆಲಸಗಾರರಿಗೆ ಅದರಿಂದ ದೊಡ್ಡ ಉಪಕಾರ. ಆದರೆ ವಿಕಿರಣಶೀಲತೆಯು ತೊಳೆಯುವುದರಿಂದ ನಾಶವಾಗುವುದಿಲ್ಲ, ಸ್ಥಳವನ್ನು ಮಾತ್ರ ಬದಲಿಸುತ್ತದೆ. ಕೊಳವೆಯಿಂದ ದ್ರಾವಣಕ್ಕೆ, ದ್ರಾವಣದಿಂದ ರಾಳಕ್ಕೆ, ರಾಳದಿಂದ ನೆಲದ ಆವರಣಕ್ಕೆ ಅದು ಸಾಗುತ್ತದೆ. ಆ ಪಯಣದ ಒಂದೊಂದು ಹೆಜ್ಜೆಯೂ ಬರಹದಲ್ಲಿ ಉಳಿಯಬೇಕು. ಯಾವ ಕಿಲೇಟು, ಎಷ್ಟು, ಯಾವ ಆವರಣದಲ್ಲಿ ಎಂಬುದು ಸಾರ್ವಜನಿಕವಾಗಿ ದೊರೆಯುವಂತಿರಬೇಕು.

ಕೊಬಾಲ್ಟು-೬೦ ತನ್ನ ಮೊದಲ ಪ್ರಮಾಣದ ಸಾವಿರದ ಒಂದು ಪಾಲಿಗೆ ಇಳಿಯಲು ಹತ್ತು ಅರ್ಧಾಯುಷ್ಯಗಳು, ಎಂದರೆ ಸುಮಾರು ಐವತ್ತಮೂರು ವರ್ಷಗಳು ಬೇಕು. ಅದರೊಡನೆ ಬರುವ ನಿಕ್ಕಲು-೬೩ರ ಅರ್ಧಾಯುಷ್ಯವೇ ಸುಮಾರು ನೂರು ವರ್ಷ. ಹಂಪನಕಟ್ಟೆಯಲ್ಲಿ ನೀರುಣಿಸಿದ ಬಾವಿಯೊಂದು ರಸ್ತೆಯ ಕೆಳಗೆ ಮುಚ್ಚಿಹೋಗಿ ಊರಿನ ನೆನಪಿನಿಂದ ಜಾರಿತು. ಆ ಮರೆವಿನಿಂದ ಯಾರಿಗೂ ಕೇಡಾಗಲಿಲ್ಲ. ನಾವು ಇಂದು ನೆಲಕ್ಕೆ ಒಪ್ಪಿಸುತ್ತಿರುವ ವಸ್ತುಗಳ ವಿಷಯದಲ್ಲಿ ಅಂಥ ಮರೆವಿಗೆ ಅವಕಾಶವಿಲ್ಲ. ಅವುಗಳ ಲೆಕ್ಕವನ್ನು ಎರಡು ಮೂರು ತಲೆಮಾರುಗಳ ವರೆಗೆ ಕಾಯ್ದಿಡುವ ಹೊಣೆಯು ಸ್ಥಾವರದ ರಸಾಯನಜ್ಞರದಷ್ಟೇ ಅಲ್ಲ, ದಾಖಲೆಗಳನ್ನು ಓದಲು ಕಲಿಸುವ ಹಾಗೂ ಕಲಿಯುವ ನಮ್ಮೆಲ್ಲರದೂ ಆಗಿದೆ.